ಅಳಿಯನ ಕೆಲಸಕ್ಕೆ ಒಯ್ದ ತಟ್ಟೆ

ನನ್ನ ಅಳಿಯ ಲಮಾರ್ ಮೊದಲ ಸಲ ನಮ್ಮೂರಿಗೆ ಬಂದಾಗ ಮನೆಯಲ್ಲಿ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದನ್ನು ಸೆರಗಿನಿಂದ ಒರೆಸಿ ಅವನ ಮುಂದೆ ಇಟ್ಟೆ. ಅವನು ಅದನ್ನೆತ್ತಿ ನನ್ನ ಗಂಡ ಚೆಲುವರಾಜು ಅವರ ಹಿಂದೆ ಇಟ್ಟು, ತಾನು ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಆರಡಿ ದಾಟಿದ ಆಳು. ಪಾದ ಪೂರ್ತಿ ನೆಲಕ್ಕೆ ಊರಿ, ಮೊಣಕೈ ಮಂಡಿಯ ಮೇಲಿಟ್ಟು, ಕಬ್ಬು ಕಡಿಯುವವರು ಬೀಡಿ ಸೇದಲು ಕೂರುತ್ತಾರಲ್ಲ, ಹಾಗೆ. ಒಂದು ಗಂಟೆ ಕೂತ. ಅಲುಗಲಿಲ್ಲ.

ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ನನ್ನ ಮಗಳು ನಿಸರ್ಗಾ ಅಮೇರಿಕದವನನ್ನು ಮದುವೆಯಾಗುತ್ತಾಳಂತೆ ಎಂದು ಕೇಳಿ, ಬೆಳ್ಳಗಿನವನೊಬ್ಬನನ್ನು ನೋಡಲು ಬಂದವರು ಅವರು.

"ಏನ್ ಜವರಕ್ಕ, ಅಮೇರಿಕದೋನು ಅಂದೆ? ನಮ್ಗಿಂತ ಒಂದ್ ಕೈ ಜಾಸ್ತಿನೇ ಕಪ್ಪಗವ್ನೆ!" ಎಂದಳು ಪಕ್ಕದ ಮನೆಯ ಈರವ್ವ.

"ಕೂತಿರೋದ್ ನೋಡೆ. ನಮ್ಮೋನೇ ಕಣೆ ಇವ್ನು," ಎಂದಳು ಇನ್ನೊಬ್ಬಳು.

ನನ್ನ ಗಂಡ ಅವತ್ತು ಬಾಯಿ ತುಂಬ ನಕ್ಕಿದ್ದರು. "ಯಾಕಪ್ಪ, ನಿಮ್ಮೂರಲ್ಲೂ ಕುರ್ಚಿ ಇಲ್ವಾ?" ಎಂದು ಕೇಳಿದರು. ನಿಸರ್ಗಾ ಅದನ್ನು ಇಂಗ್ಲಿಷಿನಲ್ಲಿ ಅವನಿಗೆ ಹೇಳಿ, ಅವನು ಹೇಳಿದ್ದನ್ನು ನಮಗೆ ಹೇಳಿದಳು. "ಇವರು ಬೇಸ್‌ಬಾಲ್ ಆಟದಲ್ಲಿ ಕ್ಯಾಚರ್ ಆಗಿದ್ರಂತೆ ಅಪ್ಪ. ಏಳನೇ ವಯಸ್ಸಿಂದ ಹಿಂಗೇ ಕೂತು ಅಭ್ಯಾಸವಂತೆ."

ಇದು ಹದಿನಾರು ವರ್ಷದ ಹಿಂದಿನ ಮಾತು. ನನ್ನ ಗಂಡ ಹೋಗಿ ಏಳು ವರ್ಷವಾಯಿತು. ಅಂದಿನಿಂದ ನಾನು ಅಮೇರಿಕದ ಹೇವರ್ಡ್‌ನಲ್ಲಿ ಮಗಳು ಅಳಿಯನ ಜೊತೆಗಿದ್ದೇನೆ. ನಿಸರ್ಗಾಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಲಮಾರನಿಗೆ ಪಾರ್ಸೆಲ್ ಗೋದಾಮಿನಲ್ಲಿ, ಬೆಳಗಿನ ಜಾವ ನಾಲ್ಕರಿಂದ ಮಧ್ಯಾಹ್ನ ಹನ್ನೆರಡರವರೆಗೆ. ಮಕ್ಕಳಾಗಲಿಲ್ಲ. ಅವನು ಕನ್ನಡ ಕಲಿತದ್ದು ನನ್ನಿಂದ, ಹಾಗಾಗಿ ಅದು ನಮ್ಮ ಕೇರಿಯ ಕನ್ನಡ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಬೆಂಗಳೂರಿನವರು "ಹೌ ಆರ್ ಯೂ ಲಮಾರ್?" ಎಂದರೆ ಇವನು "ಚೆಂದಾಗಿವ್ನಿ, ನೀವ್ ಉಂಡ್ರಾ?" ಎನ್ನುತ್ತಾನೆ. ಅವರು ನಗುತ್ತಾರೆ. ಯಾವುದಕ್ಕೆ ನಗುತ್ತಾರೆಂದು ನನಗೆ ಗೊತ್ತು. ಅವನಿಗೂ ಗೊತ್ತು.

ಗೋದಾಮಿನಿಂದ ಬಂದವನು ಎರಡು ಮುದ್ದೆ ಉಂಡು, ಅರ್ಧ ಗಂಟೆ ಕಣ್ಣು ಮುಚ್ಚಿ, ಒಂದು ಹೈಸ್ಕೂಲಿನ ಬೇಸ್‌ಬಾಲ್ ಮೈದಾನಕ್ಕೆ ಹೋಗುತ್ತಾನೆ. ಅಲ್ಲಿ ಅವನು ಸಹಾಯಕ ಕೋಚು. ಹನ್ನೆರಡು ವರ್ಷದಿಂದ ಸಹಾಯಕ.

ಆ ಆಟ ನನ್ನ ತಲೆಗೆ ಹತ್ತಲು ನಾಲ್ಕು ವರ್ಷ ಬೇಕಾಯಿತು. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆ ಬೀಸುತ್ತಾನೆ, ದೊಣ್ಣೆಯವನ ಹಿಂದೆ ಮುಖಕ್ಕೆ ಕಂಬಿಯ ಮುಸುಕು ಹಾಕಿಕೊಂಡು ಒಬ್ಬ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಅವನೇ ಕ್ಯಾಚರ್. ಅವನ ತಂಡದ ಮಿಕ್ಕವರೆಲ್ಲ ಅವನ ಕಡೆ ಮುಖ ಮಾಡಿ ನಿಂತಿರುತ್ತಾರೆ, ಅವನೊಬ್ಬ ಅವರೆಲ್ಲರ ಕಡೆ. ಚೆಂಡು ಹೀಗೆ ಎಸೆ, ಹಾಗೆ ಎಸೆ ಎಂದು ತೊಡೆಸಂದಿಯಲ್ಲಿ ಬೆರಳಿನಿಂದ ಸನ್ನೆ ಮಾಡುವವನೂ ಅವನೇ. ನಮ್ಮ ಕಡೆ ಆಲೆಮನೆಯಲ್ಲಿ ಹತ್ತು ಜನ ದುಡಿದರೂ ಪಾಕ ಬಂತೋ ಇಲ್ಲವೋ ಎಂದು ಹೇಳುವವನು ಒಬ್ಬನೇ. ಅವನು ಹೇಳದೆ ಕೊಪ್ಪರಿಗೆ ಇಳಿಸುವಂತಿಲ್ಲ. ಅಂಥ ಜಾಗ ಅದು. ಇನ್ನು ಮೂವರು ಬಹಳ ದೂರ, ಬೇಲಿಯ ಹತ್ತಿರ ಹುಲ್ಲಿನಲ್ಲಿ ನಿಂತು, ಯಾವಾಗಲೋ ಒಮ್ಮೆ ಮೇಲೆ ಹಾರಿ ಬರುವ ಚೆಂಡಿಗೆ ಕಾಯುತ್ತಾರೆ. ಅದಕ್ಕೆ ಔಟ್‌ಫೀಲ್ಡ್ ಎನ್ನುತ್ತಾರೆ.

ಲಮಾರ್ ಹುಟ್ಟಿದ್ದು ಓಕ್‌ಲ್ಯಾಂಡಿನಲ್ಲಿ. ತಾತ ಲೂಸಿಯಾನಾ ಕಡೆಯಿಂದ ರೈಲಿನಲ್ಲಿ ಬಂದು ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು. ತಂದೆ ಸಿಟಿ ಬಸ್ ಓಡಿಸುತ್ತಿದ್ದರು. ಡ್ಯೂಟಿ ಮುಗಿಸಿ ಅದೇ ಯೂನಿಫಾರಮ್ಮಿನಲ್ಲಿ ಪಾರ್ಕಿಗೆ ಬಂದು ಮಗನಿಗೆ ಚೆಂಡು ಎಸೆಯುತ್ತಿದ್ದರಂತೆ. ಹದಿನೈದನೇ ವಯಸ್ಸಿನವರೆಗೂ ಅವನು ಮುಸುಕು ಹಾಕಿಕೊಂಡು ಕೂತ. ಹೈಸ್ಕೂಲಿಗೆ ಬಂದ ಮೊದಲ ವಾರ ಅಲ್ಲಿನ ಕೋಚು ಭುಜದ ಮೇಲೆ ಕೈ ಹಾಕಿ, "ಎಂಥ ಕಾಲು ನಿನ್ನವು! ಇವನ್ನು ಮಡಿಸಿ ಕೂರಿಸೋದು ಪಾಪ. ನೀನು ಹೊರಗೆ ಹೋಗಿ ಓಡು. ಕೂತು ಯೋಚನೆ ಮಾಡೋದಕ್ಕೆ ಬೇರೆಯವರಿದ್ದಾರೆ" ಎಂದರಂತೆ. ಬೇರೆಯವನು ಎಂದರೆ ಮನೆಯಲ್ಲೇ ಆಟದ ಪಾಠಕ್ಕೆ ಮಾಸ್ತರನ್ನು ಇಟ್ಟುಕೊಂಡಿದ್ದ ಒಬ್ಬ ಬಿಳಿ ಹುಡುಗ.

"ಅವ್ರು ಬಯ್ನಿಲ್ಲ ಅತ್ತೆ. ಹೊಗಳಿದ್ರು. ಅದ್ಕೇ ನಂಗೆ ಸಿಟ್ಟು ಬರಕ್ಕೆ ಹತ್ತು ವರ್ಸ ಆಯ್ತು," ಎಂದು ಲಮಾರ್ ಹೇಳಿದ್ದ.

ಹೊರಗೆ ಓಡುವವನಾಗಿಯೇ ಅವನು ಸಂಬಳಕ್ಕೆ ಆಡುವ ಒಂದು ಕ್ಲಬ್ಬಿನ ಕೆಳಗಿನ ತಂಡಕ್ಕೆ ಸೇರಿದ. ನಾಲ್ಕು ವರ್ಷ ಊರೂರಿಗೆ ಬಸ್ಸಿನಲ್ಲಿ ಅಲೆದ. ನಿನ್ನಂಥ ಓಡುವವರು ನಮ್ಮ ಹತ್ತಿರ ಬೇಕಾದಷ್ಟು ಜನ ಇದ್ದಾರೆ ಎಂದು ಇಪ್ಪತ್ತಮೂರಕ್ಕೆ ಮನೆಗೆ ಕಳಿಸಿದರು.

ಇದನ್ನೆಲ್ಲ ಅವನು ಹೇಳಿದಾಗ ನನಗೆ ಇಂಗ್ಲಿಷೂ ಬೇಕಾಗಲಿಲ್ಲ, ಕನ್ನಡವೂ ಬೇಕಾಗಲಿಲ್ಲ. ನನ್ನ ಗಂಡ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮದು ಊರಾಚೆಯ ಕೇರಿ. ರಸ ಕುದಿಸುವ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು, ಬಣ್ಣ ನೋಡಿ ಹದ ಹೇಳುತ್ತಿದ್ದರು. ಆದರೆ ಒಂಬತ್ತು ವರ್ಷ ಅವರನ್ನು ಅಂಗಳದಲ್ಲೇ ಇಟ್ಟರು, ಗಾಡಿಯಿಂದ ಕಬ್ಬು ಇಳಿಸಲು. "ಚೆಲುವ, ನಿಂದು ಗಟ್ಟಿ ಮೈ ಕಣೋ, ಬಿಸ್ಲಿಗೆ ಸರಿಯಾಗದೆ" ಎನ್ನುತ್ತಿದ್ದರು. ಸಕ್ಕರೆ ಮುಟ್ಟುವ ಕಡೆ ಬಿಡಲಿಲ್ಲ. ಕೊನೆಗೆ ನಾನೇ ಒಂದು ದಿನ ನಿಸರ್ಗಾಳನ್ನು ಸೊಂಟಕ್ಕೆ ಹಾಕಿಕೊಂಡು, ಎಲೆ ಅಡಿಕೆ, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಮ್ಯಾನೇಜರ ಮನೆಯ ಹಿತ್ತಿಲಲ್ಲಿ ನಿಂತೆ. ಒಂದು ಹೊತ್ತು ನಿಂತೆ. ಮ್ಯಾನೇಜರ ಹೆಂಡತಿ ತಾಯಿಯಂಥವರು, ಈಚೆ ಬಂದು ತಟ್ಟೆ ಇಸಿದುಕೊಂಡರು. ಮುಂದಿನ ತಿಂಗಳು ನನ್ನ ಗಂಡನನ್ನು ಕುದಿಮನೆಗೆ ಹಾಕಿದರು. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದು ಮಗಳನ್ನು ಓದಿಸಿದರು.

ನಾನು ಕಲಿತ ವಿದ್ಯೆ ಅದೊಂದೇ. ಅದು ಕೆಲಸ ಮಾಡಿತ್ತು.

ಹೋದ ವರ್ಷ ಇಲ್ಲಿನ ಚಳಿಗಾಲದ ಮಳೆ ಶುರುವಾಗುವ ಮುಂಚೆ ಆ ಶಾಲೆಯ ಮುಖ್ಯ ಕೋಚು, ವಯಸ್ಸಾದವರು, ಸಾಕು ಎಂದು ಬಿಟ್ಟರು. ಲಮಾರ್ ಅರ್ಜಿ ಹಾಕಿದ. ಹನ್ನೆರಡು ವರ್ಷವೂ ಅವನಿಗೆ ಕೊಟ್ಟದ್ದು ಔಟ್‌ಫೀಲ್ಡಿನ ಹುಡುಗರನ್ನು, ಓಟದ ಅಭ್ಯಾಸವನ್ನು. ಕ್ಯಾಚರ್‌ಗಳನ್ನು ಅವನು ತಿದ್ದುತ್ತಿದ್ದದ್ದು ಎಲ್ಲ ಮುಗಿದ ಮೇಲೆ, ತನ್ನ ಸ್ವಂತ ಸಮಯದಲ್ಲಿ. ಈ ಸಲ ಅವನ ಕೈಗೆ ಮಲಕಾಯ್ ಎಂಬ ಹುಡುಗ ಸಿಕ್ಕಿದ್ದ. ಕಪ್ಪು ಹುಡುಗ, ಹದಿನಾರು ವರ್ಷ, ಅಜ್ಜಿಯ ಮನೆಯಲ್ಲಿ ಬೆಳೆದವನು. ದುಡ್ಡು ಕಟ್ಟಿ ಊರೂರು ಸುತ್ತುವ ಕ್ಲಬ್ ತಂಡಕ್ಕೆ ಸೇರುವ ಶಕ್ತಿ ಆ ಮನೆಗಿಲ್ಲ. ಫೀಸಿಲ್ಲದೆ ಓದಿಸಲು ಆಟಗಾರರನ್ನು ಹುಡುಕಿಕೊಂಡು ಕಾಲೇಜಿನವರು ಬರುವ ವಸಂತ ಕಾಲದಲ್ಲಿ ಅವನು ಶಾಲೆಯ ತಂಡದಲ್ಲಿ ಮುಸುಕು ಹಾಕಿಕೊಂಡು ಕೂತಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತಾನೆ.

"ನಾನು ಹೆಡ್ ಆದ್ರೆ ಅವ್ನು ಕೂರ್ತಾನೆ. ಬೇರೆಯೋರು ಬಂದ್ರೆ ಎಬ್ಬಿಸ್ತಾರೆ. ನಂಗೊತ್ತು ಅತ್ತೆ," ಎಂದ.

"ನೀನ್ಯಾಕಪ್ಪ ಆಗಲ್ಲ? ಹನ್ನೆರಡು ವರ್ಸ ಮಣ್ಣು ತಿಂದಿದ್ದೀಯ."

"ನಂಗೆ ನಲವತ್ನಾಕು. ಈಗ ಬರ್ದೆ ಇದ್ರೆ ಇನ್ನ ಬರಲ್ಲ."

ಮೊದಲ ಸುತ್ತು ದಾಟಿದ. ಮೂವರು ಉಳಿದರು. ಎರಡನೇ ಇಂಟರ್‌ವ್ಯೂ ಹತ್ತು ದಿನ ಬಿಟ್ಟು ಒಂದು ಗುರುವಾರಕ್ಕೆ. ಆ ಹತ್ತು ದಿನ ಅವನು ಊಟ ಮಾಡಿದ್ದನ್ನು ನಾನು ಕಾಣೆ. ಸಂಜೆ ಗ್ಯಾರೇಜಿನಲ್ಲಿ ಬಟ್ಟೆ ಒಗೆಯುವ ಮಷೀನಿನ ಮುಂದೆ ಸ್ಟೂಲು ಹಾಕಿ ನನ್ನನ್ನು ಕೂರಿಸಿ, "ಅತ್ತೆ, ನೀವೇ ಕಮಿಟಿ" ಎನ್ನುತ್ತಿದ್ದ. ಮದುವೆಯ ಕೋಟು ಹಾಕಿಕೊಂಡು ನಿಲ್ಲುತ್ತಿದ್ದ. ಅದರ ಗುಂಡಿ ಈಗ ಕೂಡುತ್ತಿರಲಿಲ್ಲ.

"ಏನಪ್ಪ ನಿನ್ ಪರ್‌ತಾಪ, ಹೇಳು," ಎನ್ನುತ್ತಿದ್ದೆ ನಾನು ಕಾಲ ಮೇಲೆ ಕಾಲು ಹಾಕಿ.

ಅವನು ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದ. ಎರಡು ನಿಮಿಷಕ್ಕೆ ತಪ್ಪಿ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಒಂದು ಸಂಜೆ ಅರ್ಧಕ್ಕೆ ನಿಲ್ಲಿಸಿ, ಮಷೀನಿನ ಮೇಲೆ ಎರಡೂ ಕೈ ಊರಿ ತಲೆ ಬಗ್ಗಿಸಿ ನಿಂತ. ನಾನು ಕಮಿಟಿಯಾಗಿ ಕೂತೇ ಇದ್ದೆ. ಏಳಬೇಕೋ ಬೇಡವೋ ಗೊತ್ತಾಗಲಿಲ್ಲ. ಮಷೀನು ತಿರುಗುತ್ತಿತ್ತು. ಅದು ನಿಂತ ಮೇಲೆ ಬಟ್ಟೆ ತೆಗೆದು ಅವನೇ ಡ್ರೈಯರಿಗೆ ಹಾಕಿ ಒಳಗೆ ಹೋದ.

ಮಾರನೆಯ ದಿನ ಪಾರ್ಕಿನ ಬೆಂಚಿನಲ್ಲಿ ಜಯರಾಮ್ ಅವರಿಗೆ ಇದನ್ನು ಹೇಳಿದೆ. ಅವರು ಹಾಸನದ ಕಡೆಯವರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ ಮಗನ ಜೊತೆ ಇದ್ದವರು. ಸಂಜೆ ಮುದುಕರೆಲ್ಲ ಅಲ್ಲಿ ಸೇರುತ್ತೇವೆ.

"ಯಾರ ಕೈಲಿದೆ ಅದು?" ಎಂದರು ಅವರು, ಫೈಲು ತೆಗೆದವರ ಹಾಗೆ.

"ಐದು ಜನರ ಕಮಿಟಿ ಅಂತೆ. ಮೇಲಿನೋರು ಪ್ರೆಂಟಿಸ್ ಅಂತ, ಶಾಲೆಯ ಆಟೋಟದ ಡೈರೆಕ್ಟರು."

"ಪ್ರೆಂಟಿಸ್ಸಾ! ನಮ್ಮ ಮಗನ ಮನೆಯಿಂದ ನಾಲ್ಕನೇ ಮನೆ. ಕಸದ ಡಬ್ಬಿ ಹೊರಗಿಡೋವಾಗ ನಂಗೆ ಕೈ ಎತ್ತುತಾರೆ. ಒಳ್ಳೆ ಮನುಷ್ಯ."

ನಾನು ನನ್ನ ಗಂಡನ ಕಥೆ ಹೇಳಿದೆ. ಮ್ಯಾನೇಜರ ಹಿತ್ತಿಲಿನ ಕಥೆ.

ಅವರು ಬೆಂಚಿನಲ್ಲಿ ನನ್ನ ಕಡೆ ತಿರುಗಿದರು. "ಇಲ್ಲಿ ಹಿಂಗೆಲ್ಲ ನಡೆಯುತ್ತೋ ಇಲ್ವೋ ನಾ ಕಾಣೆ. ಆದ್ರೆ ಜವರಮ್ಮನೋರೆ, ಮೂವತ್ತು ವರ್ಷ ನಾನು ಟೇಬಲ್ಲಿನ ಹಿಂದೆ ಕೂತೋನು. ಎದುರುಗಡೆ ಬರೀ ಪೇಪರ್ ಇದ್ರೆ ಪೇಪರ್ ಅಷ್ಟೇ. ಒಬ್ಬ ತಾಯಿ ಬಂದು ಕೈಮುಗಿದು ನಿಂತ್ರೆ ಆ ಪೇಪರ್‌ಗೆ ಮುಖ ಬರುತ್ತೆ."

"ಕರ್ಕೊಂಡು ಹೋಗ್ತೀರಾ?"

"ಭಾನುವಾರ ಹೋಗೋಣ. ಬರಿಗೈಲಿ ಬೇಡ."

ಶನಿವಾರ ನಿಸರ್ಗಾ ಪಕ್ಕದೂರು ನೆವಾರ್ಕಿನ ಇಂಡಿಯನ್ ಗ್ರೋಸರಿಗೆ ಹೋದಾಗ ಎಲೆ, ಅಡಿಕೆ, ಕಾಯಿ ತರಿಸಿಕೊಂಡೆ. ಏನು ಪೂಜೆ ಅವ್ವ ಎಂದಳು. ಹರಕೆ ಎಂದೆ. ಸುಳ್ಳಲ್ಲ. ಆದರೆ ಇಬ್ಬರಿಗೂ ಹೇಳಲಿಲ್ಲ. ಆಗುವವರೆಗೂ ಹೇಳಬಾರದು ಎಂಬುದು ನಮ್ಮಲ್ಲಿದೆ. ಹೇಳಿದ್ದರೆ ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು, ಇವತ್ತು ಇದನ್ನು ಬರೆಯುವ ಕೆಲಸವೂ ಇರುತ್ತಿರಲಿಲ್ಲ.

ನನ್ನ ಸ್ಟೀಲ್ ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿದೆ. ಬಾಳೆಹಣ್ಣು, ಕಾಯಿ, ಐದು ಎಲೆ, ಅಡಿಕೆ. ದಕ್ಷಿಣೆಯಿಲ್ಲದೆ ತಾಂಬೂಲ ಕೊಡಬಾರದಲ್ಲ, ಎಲೆಯ ಕೆಳಗೆ ಹನ್ನೊಂದು ಡಾಲರ್ ಇಟ್ಟೆ. ಹತ್ತರದ್ದೊಂದು ನೋಟು, ಒಂದರದ್ದೊಂದು.

ಪ್ರೆಂಟಿಸ್ ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಬಾಗಿಲು ತೆಗೆದರು, ಕೈಯಲ್ಲಿ ತೋಟದ ಕೈಗವಸು, ಕಾಲಬಳಿ ಒಂದು ನಾಯಿ. ಜಯರಾಮ್ ಕೋಟು ಹಾಕಿಕೊಂಡು ಬಂದಿದ್ದರು. "ರೆಸ್ಪೆಕ್ಟೆಡ್ ಮೇಡಂ" ಎಂದು ಶುರು ಮಾಡಿ, ಇವರು ಕೋಚ್ ಲಮಾರನ ಅತ್ತೆ ಎಂದು ಹೇಳಿದರು. ನಾನು ತಟ್ಟೆ ಚಾಚಿ, "ತಾಯಿ, ನಮ್ಮುಡುಗ ಹನ್ನೆರಡು ವರ್ಸದಿಂದ ಹೊರ್ಗೇ ನಿಂತವ್ನೆ. ಒಳೀಕೆ ಕರ್ಕೊಳಿ ಅಂತ ನಿಮ್ ಯಜಮಾನ್ರಿಗೆ ಒಂದ್ ಮಾತು ಹೇಳಿ" ಎಂದೆ. ಜಯರಾಮ್ ಅದನ್ನು ಕಚೇರಿಯ ಇಂಗ್ಲಿಷಿಗೆ ತಿರುಗಿಸಿದರು. ಆ ಹೆಂಗಸಿಗೆ ಎಷ್ಟು ಅರ್ಥವಾಯಿತೋ, ಎದೆಯ ಮೇಲೆ ಕೈಯಿಟ್ಟು "ಬ್ಯೂಟಿಫುಲ್" ಎಂದರು. ತಟ್ಟೆ ತೆಗೆದುಕೊಂಡರು.

ನನ್ನನ್ನು ಮನೆಗೆ ಬಿಡುವಾಗ ಕಾರಿನಲ್ಲಿ ಜಯರಾಮ್ ನನಗಿಂತ ಹಿಗ್ಗಿದ್ದರು. "ತಟ್ಟೆ ಇಸ್ಕೊಂಡ್ರು ಅಂದ್ರೆ ಮುಗೀತು ಜವರಮ್ಮನೋರೆ. ಬೇಡ ಅನ್ನೋರು ಬಾಗಿಲಲ್ಲೇ ಬೇಡ ಅಂತಾರೆ."

ಆ ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮಂಗಳವಾರ ಲಮಾರ್ ಗೋದಾಮಿನಿಂದ ಬರುವ ಹೊತ್ತು ಮೀರಿತ್ತು. ಮುದ್ದೆ ಆರುತ್ತದೆಂದು ಪಾತ್ರೆ ಮುಚ್ಚಿಟ್ಟಿದ್ದೆ. ಮೂರು ಗಂಟೆಗೆ ಬಂದ. ಕೈಯಲ್ಲಿ ಒಂದು ಕಾಗದದ ಚೀಲ. ಅದರೊಳಗಿಂದ ನನ್ನ ತಟ್ಟೆ ತೆಗೆದು ಟೇಬಲ್ಲಿನ ಮೇಲಿಟ್ಟ. ಬಾಳೆಹಣ್ಣು ಕಪ್ಪಾಗಿತ್ತು, ಎಲೆ ಬಾಡಿತ್ತು. ಒಂದು ಲಕೋಟೆ ಇಟ್ಟ. ಅದರಲ್ಲಿ ನನ್ನ ಹನ್ನೊಂದು ಡಾಲರ್.

"ಅತ್ತೆ, ಇದು ನಿಮ್ದಾ?"

"ನಂದೇ ಕಣಪ್ಪ. ಯಾಕೆ ವಾಪಸ್ ಕೊಟ್ರು?"

ಅವನು ಕುರ್ಚಿಯಲ್ಲಿ ಕೂತ. ಮಾತಾಡಲು ಬಾಯಿ ತೆಗೆದ, ಅವನಿಗೆ ಗೊತ್ತಿದ್ದ ಕನ್ನಡದಲ್ಲಿ ಅದಕ್ಕೆ ಮಾತು ಇರಲಿಲ್ಲ. ಫೋನು ಮಾಡಿ ನಿಸರ್ಗಾಳನ್ನು ಕರೆಸಿದ. ಅವಳು ಲ್ಯಾಬಿನ ಕೋಟಿನಲ್ಲೇ ಬಂದಳು. ಅವನು ಹೇಳಿದ, ಅವಳು ನಿಂತೇ ಕೇಳಿಸಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ವ, ಕಮಿಟಿಯವರಿಗೆ ಯಾರೂ ಏನೂ ಕೊಡಬಾರದು. ರೂಲ್ಸಿದೆ. ಕೊಟ್ಟರೆ ಅವರು ಬರೆದು ಒಪ್ಪಿಸಬೇಕು. ಪ್ರೆಂಟಿಸ್ ಒಪ್ಪಿಸಿದ್ದಾರೆ. ಇವರನ್ನ ಇವತ್ತು ಶಾಲೆಗಳ ಜಿಲ್ಲಾ ಆಫೀಸಿಗೆ ಕರೆಸಿ, ನಿಮ್ಮ ಅತ್ತೇನ ನೀವೇ ಕಳಿಸಿದ್ರಾ ಅಂತ ಕೇಳಿದ್ದಾರೆ. ಮೂರು ಜನ ಕೂತು. ಕ್ಯಾಶ್ ಅಂತ ಬರ್ಕೊಂಡಿದ್ದಾರೆ, ಅವ್ವ. ಎಲೆ ಅಡಿಕೆ ಅಂತ ಬರ್ಕೊಂಡಿಲ್ಲ."

"ಅದು ದಕ್ಷಿಣೆ..."

"ನಂಗೊತ್ತು! ನಂಗೊತ್ತು ಅವ್ವ. ಇವರನ್ನ ಬಿಡೋಕೆ ಅವರಿಗೊಂದು ಕಾರಣ ಬೇಕಿತ್ತು. ನೀನು ತಟ್ಟೇಲಿ ಇಟ್ಕೊಂಡು ಹೋಗಿ ಕೊಟ್ಟೆ."

ಅವಳು ಹುಟ್ಟಿದಾಗಿನಿಂದ ನನ್ನ ಮೇಲೆ ಹಾಗೆ ದನಿ ಎತ್ತಿದವಳಲ್ಲ. ಲಮಾರ್ ಅವಳ ಕೈ ಹಿಡಿದು ಏನೋ ಹೇಳಿದ. ಬೇಡ ಎಂದಿರಬೇಕು.

ಗುರುವಾರ ಇಂಟರ್‌ವ್ಯೂ ನಡೆಯಿತು, ಇಬ್ಬರಿಗೆ. ವಿಷಯ ಇತ್ಯರ್ಥವಾಗುವವರೆಗೆ ಇವನನ್ನು ಹೊರಗಿಡುವುದೇ ಎಲ್ಲರಿಗೂ ಒಳ್ಳೆಯದು ಎಂದು ಕಾಗದ ಬಂತು. ಆಮೇಲಿನ ವಾರ ಇತ್ಯರ್ಥವೂ ಆಯಿತು. ತಪ್ಪೇನೂ ಕಂಡುಬಂದಿಲ್ಲ, ಯಾವ ಕ್ರಮವೂ ಇಲ್ಲ ಎಂದು ಇನ್ನೊಂದು ಕಾಗದ. ಅಷ್ಟರಲ್ಲಿ ಕೆಲಸ ಟ್ಯಾನರ್ ಎಂಬವನಿಗೆ ಹೋಗಿತ್ತು. ಬಿಳಿಯ ಹುಡುಗ, ಇಪ್ಪತ್ತೇಳು ವರ್ಷ. ಅವನ ತಂದೆ ಒಂದು ಕ್ಲಬ್ ತಂಡ ನಡೆಸುತ್ತಾರೆ.

ನಾನು ಜಯರಾಮ್ ಅವರ ಕೈಕಾಲು ಹಿಡಿದು ಆ ಆಫೀಸಿಗೆ ಒಂದು ಪತ್ರ ಬರೆಸಿದೆ. ತಪ್ಪೆಲ್ಲ ನನ್ನದು, ಅಳಿಯನಿಗೆ ಏನೂ ಗೊತ್ತಿಲ್ಲ, ಶಿಕ್ಷೆ ಏನಿದ್ದರೂ ನನಗೆ ಕೊಡಿ ಎಂದು. ಅವರು ಮೂರು ಪುಟ ಬರೆದರು. ನಾನು ಕೆಳಗೆ ಕನ್ನಡದಲ್ಲಿ ಜವರಮ್ಮ ಎಂದು ರುಜು ಹಾಕಿದೆ. ಎರಡು ಸಾಲಿನ ಉತ್ತರ ಬಂತು. ಪತ್ರಕ್ಕೆ ವಂದನೆ, ವಿಷಯ ಮುಗಿದಿದೆ. ಜಯರಾಮ್ ಆಮೇಲೆ ಪಾರ್ಕಿಗೆ ಬರುವುದನ್ನೇ ಬಿಟ್ಟರು.

ಪ್ರೆಂಟಿಸ್ ಕೆಟ್ಟವನೆಂದು ನಾನು ಬರೆಯಲಾರೆ. ರೂಲ್ಸಿತ್ತು, ಅದರಂತೆ ನಡೆದರು. ಆದರೆ ನಿಸರ್ಗಾ ನನ್ನನ್ನು ಒಂದು ದಿನ ಆ ಮೈದಾನದ ಬೇಲಿಯ ಹತ್ತಿರ ನಿಲ್ಲಿಸಿ ಒಂದು ಹೊಸ ಬಲೆ ತೋರಿಸಿದಳು. ಹುಡುಗರು ಒಳಗೆ ನಿಂತು ದೊಣ್ಣೆ ಬೀಸುವ ಅಭ್ಯಾಸ ಮಾಡುವ ದೊಡ್ಡ ಬಲೆ, ನಮ್ಮ ಮನೆಗಿಂತ ಉದ್ದ. ಮೇಲೆ ನೀಲಿ ಬೋರ್ಡು. ಟ್ಯಾನರನ ತಂದೆಯ ಕ್ಲಬ್ಬು ಹಿಂದಿನ ವರ್ಷ ಶಾಲೆಗೆ ಕೊಟ್ಟದ್ದು.

"ಬಲೆ ಕೊಟ್ರೆ ದಾನ. ಬಾಳೆಹಣ್ಣು ಕೊಟ್ರೆ ಲಂಚ," ಎಂದಳು. ಅಷ್ಟು ಹೇಳಿ ನನ್ನ ಭುಜ ಹಿಡಿದು ಅತ್ತಳು. ಅವತ್ತು ಅವಳು ನನ್ನನ್ನು ಕ್ಷಮಿಸಿದಳೋ, ಅಥವಾ ಇಬ್ಬರೂ ಸೇರಿ ಸೋತೆವೆಂದು ಅತ್ತಳೋ, ಕೇಳಲಿಲ್ಲ.

ಲಮಾರ್ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಂದಿನಂತೆ "ಉಂಡ್ರಾ ಅತ್ತೆ?" ಎನ್ನುತ್ತಿದ್ದ. ಒಂದು ಮಧ್ಯಾಹ್ನ ನಾನೇ ತಡೆಯಲಾರದೆ ಕೇಳಿದೆ.

"ನಾನು ಹೋಗ್ದೆ ಇದ್ದಿದ್ರೆ ನಿಂಗೆ ಸಿಗ್ತಿತ್ತೇನಪ್ಪ? ನಿಜ ಹೇಳು. ನನ್ ಮುಖ ನೋಡ್ಬೇಡ."

ಅವನು ಉಂಡ ತಟ್ಟೆಯನ್ನು ಸಿಂಕಿನಲ್ಲಿಟ್ಟು ಬಂದ. "ಗೊತ್ತಿಲ್ಲ ಅತ್ತೆ."

"ಸಿಗ್ತಿರ್ನಿಲ್ಲ ಅಂತ ಹೇಳ್ಬಾರ್ದಾ?"

"ಹೇಳ್ಬೋದು. ಆದ್ರೆ ಗೊತ್ತಿಲ್ಲ. ಅವ್ರು ಕೊಡಲ್ಲ ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ. ಈ ಸಲ ಕೊಡ್ತಿದ್ರೋ ಏನೋ. ಇನ್ ಗೊತ್ತಾಗಲ್ಲ."

ಅವನು ಸುಳ್ಳು ಹೇಳುವವನಲ್ಲ. ಆ ಮಾತಿನ ಜೊತೆ ನಾನು ದಿನಾ ಏಳುತ್ತೇನೆ, ದಿನಾ ಮಲಗುತ್ತೇನೆ. ಊರಿಗೆ ಕಳಿಸಿಬಿಡಿ ಎಂದು ಹಟ ಹಿಡಿದೆ. ನಿಸರ್ಗಾ ಟಿಕೆಟ್ ನೋಡಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ಜನವರಿಯಲ್ಲಿ ಶಾಲೆಯಿಂದ ಮತ್ತೊಂದು ಕಾಗದ ಬಂತು. ಹೊಸ ಕೋಚು ಲಮಾರನ ಅನುಭವಕ್ಕೆ ಬಹಳ ಬೆಲೆ ಕೊಡುತ್ತಾರೆ, ಔಟ್‌ಫೀಲ್ಡ್ ಮತ್ತು ಓಟದ ಸಹಾಯಕನಾಗಿ ಮುಂದುವರಿಯಬೇಕೆಂದು ಕೋರುತ್ತಾರೆ, ಒಪ್ಪಿಗೆಯಾದರೆ ಶುಕ್ರವಾರದೊಳಗೆ ರುಜು ಹಾಕಿ.

"ಹರಿದು ಬಿಸಾಕಿ," ಎಂದಳು ನಿಸರ್ಗಾ. ನನಗೆ ತಿಳಿಯಲೆಂದೋ ಏನೋ ಕನ್ನಡದಲ್ಲೇ ಹೇಳಿದಳು. "ಆ 'ಬೆಲೆ' ಅವರೇ ಇಟ್ಕೊಳ್ಳಲಿ. ನಿಮ್ಮಿಂದ ಕಲಿತು ಆ ಟ್ಯಾನರ್ ಹೆಡ್ ಅನ್ನಿಸ್ಕೊಳ್ತಾನೆ. ಮರ್ಯಾದೆ ಬೇಡ್ವಾ?"

"ನಾನು ಹೋಗ್ದೆ ಇದ್ರೆ ಮಲಕಾಯ್ ಹತ್ರ ಯಾರಿರ್ತಾರೆ?" ಎಂದ ಲಮಾರ್.

"ಇದ್ದು ಏನ್ ಮಾಡ್ತೀರಿ? ನಿಮ್ಮ ಮಾತು ಯಾರು ಕೇಳ್ತಾರೆ ಅಲ್ಲಿ?"

ಅವನು ಕಾಗದ ಎತ್ತಿಕೊಂಡು ಅಡಿಗೆಮನೆಗೆ ಹೋದ. ಶುಕ್ರವಾರದವರೆಗೂ ಆ ಕಾಗದ ಫ್ರಿಜ್ಜಿನ ಮೇಲೆ ಅಯಸ್ಕಾಂತಕ್ಕೆ ಸಿಕ್ಕಿಕೊಂಡಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ನಾನು ಅದರ ಮುಂದೆ ನಿಲ್ಲುತ್ತಿದ್ದೆ. ಈ ಸಲ ನಾನು ಯಾರಿಗೂ ಏನೂ ಹೇಳಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಶುಕ್ರವಾರ ಗೋದಾಮಿನಿಂದ ಬಂದವನು ಕೈ ಕಾಲು ಕೂಡ ತೊಳೆಯದೆ ಫ್ರಿಜ್ಜಿನ ಬಾಗಿಲಿಗೇ ಒತ್ತಿ ಹಿಡಿದು ರುಜು ಹಾಕಿದ.

ಫೆಬ್ರವರಿಯಲ್ಲಿ ಅಭ್ಯಾಸ ಶುರುವಾದ ದಿನ ನಿಸರ್ಗಾಗೆ ರಜೆ ಇತ್ತು. ನನ್ನನ್ನು ಕರೆದುಕೊಂಡು ಹೋದಳು. ಫ್ರೀವೇ ಪಕ್ಕದ ಮೈದಾನ, ಗಾಡಿಗಳ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ನಾವು ಕಾರಿನಲ್ಲೇ ಕೂತು ನೋಡಿದೆವು.

ಮಲಕಾಯ್ ಬೆನ್ನಿಗೆ ಉದ್ದನೆಯ ಚೀಲ ಹಾಕಿಕೊಂಡು ಬಂದ. ಕ್ಯಾಚರ್ ಸಾಮಾನೆಲ್ಲ ಅದರಲ್ಲಿರುತ್ತದೆ, ಮುಸುಕು, ಎದೆಗವಚ, ಮೊಣಕಾಲಿನ ಪಟ್ಟಿ. ಅವನು ಬೇಲಿಯ ಹತ್ತಿರ ಕೂತು ಪಟ್ಟಿ ಕಟ್ಟಿಕೊಳ್ಳಲು ಶುರು ಮಾಡಿದ. ಟ್ಯಾನರ್ ಅವನ ಹತ್ತಿರ ಬಂದ. ಒಳ್ಳೆಯ ನಗುಮುಖದ ಹುಡುಗ. ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದ, ಅವನ ಕಾಲು ತೋರಿಸಿದ, ದೂರದ ಹುಲ್ಲು ತೋರಿಸಿದ. ಮಲಕಾಯ್ ಕೇಳಿಸಿಕೊಂಡ. ಒಂದು ಸಲ ಲಮಾರನ ಕಡೆ ನೋಡಿದ. ಕಟ್ಟಿದ್ದ ಪಟ್ಟಿ ಬಿಚ್ಚಿದ, ಚೀಲಕ್ಕೆ ಹಾಕಿ ಜಿಪ್ಪು ಎಳೆದ, ದೂರಕ್ಕೆ ನಡೆದುಕೊಂಡು ಹೋದ.

ಲಮಾರ್ ಅಲ್ಲೇ ನಿಂತಿದ್ದ. ನಿಸರ್ಗಾ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಟ್ಯಾನರ್ ಲಮಾರನ ಕಡೆ ಹೆಬ್ಬೆರಳು ಎತ್ತಿ ತೋರಿಸಿ ಬೇರೆ ಹುಡುಗರ ಕಡೆ ಹೋದ. ಲಮಾರ್ ತೆಳ್ಳನೆಯ ಉದ್ದ ದೊಣ್ಣೆಯನ್ನೂ ಚೆಂಡಿನ ಬಕೆಟ್ಟನ್ನೂ ಎತ್ತಿಕೊಂಡು ಮಲಕಾಯ್ ಇದ್ದ ಕಡೆ ಹೋದ. ಒಂದೊಂದೇ ಚೆಂಡನ್ನು ಆಕಾಶಕ್ಕೆ ಹೊಡೆದ. ಹುಡುಗ ಓಡಿ ಓಡಿ ಹಿಡಿದ. ಬಕೆಟ್ಟು ಖಾಲಿಯಾಗುವವರೆಗೂ ಹೊಡೆದ. ನಡುವೆ ಒಂದು ಸಲ ಹುಡುಗ ಹತ್ತಿರ ಬಂದು ಏನೋ ಕೇಳಿದ. ಇವನು ಹೇಳಿದ. ಹುಡುಗ ತಲೆ ಬಗ್ಗಿಸಿ ಮತ್ತೆ ದೂರ ಹೋದ.

ಸಂಜೆ ಅವನಿಗೆ ಬಡಿಸುತ್ತ ಕೇಳಿದೆ. "ಏನಂದ ಆ ಹುಡ್ಗ?"

"ಏನ್ ತಪ್ ಮಾಡ್ದೆ ಅಂತ ಕೇಳ್ದ."

"ನೀನೇನಂದೆ?"

"ಬಿಸ್ಲು ಕಣ್ಗೆ ಹೊಡುದ್ರೆ ಗ್ಲೌಸ್ ಅಡ್ಡ ಇಟ್ಕೊ ಅಂದೆ." ಅವನು ತಟ್ಟೆಯನ್ನೇ ನೋಡುತ್ತಿದ್ದ. "ಚೆಂದಾಗ್ ಹಿಡಿದ ಅತ್ತೆ. ಒಂದೂ ಬಿಡ್ನಿಲ್ಲ. ಅದ್ಕೇ ಇನ್ನ ಅವ್ರು ಅವ್ನ ಅಲ್ಲಿಂದ ಈಚೆಗೆ ಕರ್ಯಕಿಲ್ಲ."